ಬೆಂಕಿ ಇನ್ನೂ ಚಿಕ್ಕದಿರುವಾಗ: ನಮ್ಮ ಅಪಾರ್ಟ್‌ಮೆಂಟ್ ತಂಡ ಕೆಲಸ ಮಾಡುವ ಬಗೆ

ಸ್ವಯಂಸೇವಕರ ತಂಡಕ್ಕೆ ಸೇರುವವರೆಲ್ಲ ಮೊದಲು ಕೇಳುವುದು ಫೈರ್ ಎಕ್ಸ್‌ಟಿಂಗ್ವಿಷರ್ ಹೊಡೆಯುವುದು ಹೇಗೆ ಅಂತ. ನಾವು ಅದನ್ನು ಕೊನೆಗೆ ಹೇಳಿಕೊಡುತ್ತೇವೆ. ಮೊದಲು ಕಲಿಯಬೇಕಾದದ್ದು ಗ್ಯಾಸ್ ಮತ್ತು ಕರೆಂಟನ್ನು ಎಲ್ಲಿ ಬಂದ್ ಮಾಡಬೇಕು ಎಂಬುದು. ಅದು ಗೊತ್ತಿಲ್ಲದೆ ಎಕ್ಸ್‌ಟಿಂಗ್ವಿಷರಿನ ಪುಡಿ ಹೊಡೆದರೆ ಉರಿ ಕ್ಷಣಕಾಲ ಅಡಗಿ ಮತ್ತೆ ಏಳುತ್ತದೆ, ಅಷ್ಟರಲ್ಲಿ ಕೈಯಲ್ಲಿರುವ ಸಿಲಿಂಡರ್ ಖಾಲಿಯಾಗಿರುತ್ತದೆ.

ಹಾಗಾಗಿ ಹೊಸಬರಿಗೆ ಮೊದಲ ಕೆಲಸ ತಮ್ಮ ಬ್ಲಾಕನ್ನು ಒಂದು ಸುತ್ತು ಹಾಕುವುದು. ಮೀಟರ್ ರೂಮಿನ ಬೀಗದ ಕೈ ಯಾರ ಹತ್ತಿರ ಇದೆ, ಯಾವ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್ಚು) ಯಾವ ಮನೆಯದು, ಪೈಪ್ ಗ್ಯಾಸ್ ಇದ್ದರೆ ಹೊರಗಿನ ವಾಲ್ವ್ ಎಲ್ಲಿದೆ, ಟೆರೇಸ್ ಬಾಗಿಲು ತೆರೆಯುತ್ತದೆಯೇ, ಇವೆಲ್ಲ ನೋಟ್‌ಬುಕ್ಕಿಗೆ ಬರಬೇಕು. ಕೇಬಲ್ ಹಾಯುವ ಶಾಫ್ಟಿನ ಬಾಗಿಲು ತೆಗೆದು ನೋಡಲೇಬೇಕು. ಒಳಗೆ ಹಳೆ ಪೇಪರು, ಪೇಂಟ್ ಡಬ್ಬ, ಪೊರಕೆ ತುಂಬಿರುವುದು ಮಾಮೂಲು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತ ದುರಂತದಲ್ಲಿ ಜೀವಕ್ಕೆ ಎರವಾದದ್ದು ಶಾಫ್ಟಿನಿಂದ ಮಹಡಿಗಳಿಗೆ ಹಬ್ಬಿದ ಹೊಗೆ. ಮಹಡಿ ಮಹಡಿಗೂ ಶಾಫ್ಟಿನ ತೂತುಗಳನ್ನು ಬೆಂಕಿ ತಡೆಯುವ ಸೀಲಂಟ್‌ನಿಂದ ಮುಚ್ಚಿಸಿ ಅಂತ ಅಸೋಸಿಯೇಷನ್ನಿನವರಿಗೆ ನಾವು ಬೇಸರವಿಲ್ಲದೆ ಹೇಳುತ್ತಲೇ ಇರುತ್ತೇವೆ.

ಅಡುಗೆಮನೆಯ ವಿಷಯ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಮೊದಲು ಸ್ಟೌವ್ ಆರಿಸಿ. ನಾಬ್ ಉರಿಯ ಆಚೆಗಿದ್ದು ಕೈ ಹೋಗದಿದ್ದರೆ ಕೆಳಗೆ ರೆಗ್ಯುಲೇಟರನ್ನೇ ಬಂದ್ ಮಾಡಿ. ಆಮೇಲೆ ಬಾಣಲೆಗಿಂತ ಅಗಲವಾದ ಲೋಹದ ಮುಚ್ಚಳವನ್ನು ಗುರಾಣಿಯಂತೆ ಅಡ್ಡ ಹಿಡಿದು, ನಿಮ್ಮ ಕಡೆಯ ಅಂಚಿನಿಂದ ಆಚೆಗೆ ಸರಿಸುತ್ತ ಮುಚ್ಚಿ. ಮುಚ್ಚಳ ಸಿಗದಿದ್ದರೆ ದೋಸೆ ಕಾವಲಿಯೂ ಆದೀತು. ಗಾಜಿನ ಮುಚ್ಚಳ ಬೇಡ, ಸಿಡಿಯಬಹುದು. ಉರಿ ಕಾಣದಾಯಿತೆಂದು ತಕ್ಷಣ ತೆರೆದು ನೋಡಿದಾಗಲೇ ಹೆಚ್ಚಿನವರು ಮುಖ ಸುಟ್ಟುಕೊಳ್ಳುವುದು: ಎಣ್ಣೆ ಇನ್ನೂ ಅಷ್ಟೇ ಕಾದಿರುತ್ತದೆ, ಗಾಳಿ ಸಿಕ್ಕರೆ ಸಾಕು. ಅರ್ಧ ಗಂಟೆ ಮುಟ್ಟಬೇಡಿ. ಬಾಣಲೆ ಎತ್ತಿಕೊಂಡು ಸಿಂಕಿಗೆ ಓಡಬೇಡಿ. ನೀರಂತೂ ಬೇಡವೇ ಬೇಡ. ಎಣ್ಣೆಯ ತಳಕ್ಕಿಳಿದ ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗಿ, ಉರಿಯುವ ಎಣ್ಣೆಯನ್ನು ಚಾವಣಿಗೆ ಎರಚುತ್ತದೆ. ಮೈದಾ, ಕಡಲೆಹಿಟ್ಟು ಎರಚುವವರೂ ಇದ್ದಾರೆ. ಹಿಟ್ಟಿನ ಧೂಳೇ ಹೊತ್ತಿಕೊಳ್ಳುತ್ತದೆ.

ಸಿಲಿಂಡರ್ ಗ್ಯಾಸ್ ಸೋರಿ ವಾಸನೆ ಮಾತ್ರ ಬರುತ್ತಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಹಾಕಲೂ ಬಾರದು, ಆರಿಸಲೂ ಬಾರದು. ಎಕ್ಸಾಸ್ಟ್ ಫ್ಯಾನ್ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಅಪಾಯವೂ ಅದೇ. ಪಕ್ಕದ ಮನೆಯವರನ್ನು ಕರೆಯಲು ಕಾಲಿಂಗ್ ಬೆಲ್ ಒತ್ತದೆ ಬಾಗಿಲು ಬಡಿಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ತಗ್ಗಿಗೆ ಇಳಿಯುತ್ತದೆ. ಆದ್ದರಿಂದ ಕಿಟಕಿಯ ಜೊತೆಗೆ ಬಾಗಿಲನ್ನೂ ತೆರೆಯಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದು ಮೇಲೇರುತ್ತದೆ. ಸಿಲಿಂಡರಿನ ರೆಗ್ಯುಲೇಟರ್ ಆರಿಸಿ, ಬಿಚ್ಚಿ, ದಾರದಲ್ಲಿ ನೇತಾಡುವ ಸೇಫ್ಟಿ ಕ್ಯಾಪ್ ಒತ್ತಿ ಹಾಕಿ. ಆ ಕ್ಯಾಪನ್ನು ಕಿತ್ತು ಬಿಸಾಡಿದವರ ಮನೆಯಲ್ಲಿ ಅದು ಬೇಕಾದಾಗ ಸಿಗುವುದಿಲ್ಲ. ಸಿಲಿಂಡರನ್ನು ನೆಟ್ಟಗೇ ನಿಲ್ಲಿಸಿ ಬಯಲಿಗೆ ಸಾಗಿಸಿ. ಬೇಸ್‌ಮೆಂಟ್, ಚರಂಡಿ, ಸಂಪಿನ ಹತ್ತಿರ ಇಡಬೇಡಿ. ಆಮೇಲೆ ಹೊರಗೆ ನಿಂತು ಗ್ಯಾಸ್ ಸೋರಿಕೆಯ ತುರ್ತು ನಂಬರು 1906ಕ್ಕೆ ಫೋನ್ ಮಾಡಿ.

ರೆಗ್ಯುಲೇಟರ್ ಹತ್ತಿರವೇ ಉರಿ ಹತ್ತಿದ್ದರೆ ನಾವು ಬಳಸುವುದು ಒದ್ದೆ ಗೋಣಿಚೀಲ ಅಥವಾ ದಪ್ಪ ಹತ್ತಿ ಬೆಡ್‌ಶೀಟು. ನೀರು ತೊಟ್ಟಿಕ್ಕುವಷ್ಟು ನೆನೆಸಿ, ಎರಡು ಮೂಲೆ ಹಿಡಿದು, ಬೆರಳುಗಳನ್ನು ಬಟ್ಟೆಯ ಅಂಚಿನೊಳಗೆ ಮಡಚಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ಮೇಲಿನಿಂದ ಹೊದಿಸಬೇಕು. ಬಟ್ಟೆಯಡಿಯಲ್ಲೇ ಕೈ ಹಾಕಿ ನಾಬ್ ತಿರುಗಿಸಿ. ನಾಬ್ ಕರಗಿ ತಿರುಗದಿದ್ದರೆ, ಅಥವಾ ಸಿಲಿಂಡರ್ ಮೈಯೇ ಉರಿಯಲ್ಲಿ ಕಾಯುತ್ತಿದ್ದರೆ, ಅಲ್ಲಿ ನಮ್ಮ ಕೆಲಸ ಇಲ್ಲ. ಎಲ್ಲರನ್ನೂ ಹೊರಗೆ ಕಳಿಸಬೇಕು. ಗ್ಯಾಸ್ ನಿಲ್ಲಿಸಲಾಗದೆ ಉರಿಯನ್ನು ಮಾತ್ರ ಆರಿಸಿದರೆ ಕೋಣೆ ತುಂಬ ಗ್ಯಾಸ್ ಕೂಡಿ ಒಂದೇ ಕಿಡಿಗೆ ಸ್ಫೋಟಿಸುತ್ತದೆ.

ಮೀಟರ್ ಬೋರ್ಡ್ ಹೊಗೆಯಾಡಿದರೆ ಮೇನ್ ಬಂದ್ ಮಾಡಿ, ಅಲ್ಲಿಗೆ ಹೋಗಲಾಗದಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ ಕರೆಂಟ್ ತೆಗೆಸಬೇಕು. ಆಮೇಲೂ ನೀರು ಬೇಡ. ಕಾರ್ಬನ್ ಡೈಆಕ್ಸೈಡ್ ಎಕ್ಸ್‌ಟಿಂಗ್ವಿಷರ್ ಇದ್ದರೆ ಒಳ್ಳೆಯದು, ಎಬಿಸಿ ಪುಡಿಯದ್ದಾದರೂ (ಕಾಗದ-ಮರ, ಎಣ್ಣೆ, ಗ್ಯಾಸ್ ಬೆಂಕಿಗಳಿಗೆಲ್ಲ ಆಗುವ ಒಣ ಪುಡಿ) ಸರಿ. ಕಾರ್ಬನ್ ಡೈಆಕ್ಸೈಡ್ ಹೊಡೆಯುವಾಗ ಅನಿಲ ಹೊರಬರುವ ಕಪ್ಪು ಹಾರ್ನನ್ನು ಬರಿಗೈಯಲ್ಲಿ ಹಿಡಿದರೆ ಚಳಿಗೆ ಚರ್ಮ ಅಂಟಿಕೊಳ್ಳುತ್ತದೆ. ಕಿರಿದಾದ ಮೀಟರ್ ರೂಮಿನಲ್ಲಿ ಅದನ್ನು ಹೊಡೆದ ಮೇಲೆ ಒಳಗೆ ನಿಲ್ಲಬಾರದು.

ಈಗ ಎಕ್ಸ್‌ಟಿಂಗ್ವಿಷರ್. ತರಬೇತಿಗೆಂದು ಹೊಸದು ಕೊಳ್ಳಬೇಕಿಲ್ಲ. ರೀಫಿಲ್ ಗಡುವು ಬಂದವನ್ನು ಕಳಿಸುವ ಮುನ್ನ ಒಬ್ಬೊಬ್ಬರ ಕೈಯಲ್ಲಿ ಹೊಡೆಸಿದರೆ ಖರ್ಚೂ ಇಲ್ಲ, ಕಲಿಕೆಯೂ ಆಯಿತು. ಆಗ ಕಾಣುವ ತಪ್ಪು ಬಹುತೇಕ ಒಂದೇ: ಗಾಬರಿಯಲ್ಲಿ ಎರಡು ಹಿಡಿಕೆಗಳನ್ನೂ ಸೇರಿಸಿ ಅದುಮಿಕೊಂಡೇ ಪಿನ್ ಎಳೆಯುತ್ತಾರೆ. ಅದುಮಿದಷ್ಟೂ ಪಿನ್ ಬಿಗಿಯಾಗುತ್ತದೆ. ಸಿಲಿಂಡರನ್ನು ನೆಲದ ಮೇಲಿಟ್ಟು, ಕುತ್ತಿಗೆ ಹಿಡಿದು, ಪಿನ್ನನ್ನು ತಿರುಚಿ ಎಳೆದರೆ ಪ್ಲಾಸ್ಟಿಕ್ ಸೀಲ್ ಪಟ್ಟನೆ ಮುರಿಯುತ್ತದೆ. ಹತ್ತಿರ ಹೋಗುವ ಮೊದಲೇ ಒಂದು ಸಲ ಚಿಮ್ಮಿಸಿ ನೋಡಿ. ಕೆಲಸ ಮಾಡದ ಸಿಲಿಂಡರ್ ಹಿಡಿದು ಉರಿಯ ಮುಂದೆ ನಿಲ್ಲುವುದಕ್ಕಿಂತ ಅದು ವಾಸಿ. ಗಾಳಿ ಬೆನ್ನಿಗಿರಲಿ, ಎರಡು–ಮೂರು ಮೀಟರ್ ದೂರದಿಂದ ಉರಿಯ ಬುಡಕ್ಕೆ ಗುರಿಯಿಟ್ಟು ಅಕ್ಕಪಕ್ಕ ಬೀಸಿ. ತೀರಾ ಹತ್ತಿರ ಹೋದರೆ ಪುಡಿಯ ರಭಸಕ್ಕೆ ಎಣ್ಣೆ, ಪೆಟ್ರೋಲ್ ಸಿಡಿದು ಹರಡುತ್ತದೆ. 4 ಅಥವಾ 6 ಕೆಜಿಯ ಸಿಲಿಂಡರ್ ಹತ್ತು–ಹದಿನೈದು ಸೆಕೆಂಡಿನಲ್ಲಿ ಮುಗಿಯುತ್ತದೆ. ಮನೆಗಳ ಹತ್ತಿರ 4 ಕೆಜಿಯದ್ದೇ ಮೇಲು ಎಂಬುದು ನಮ್ಮ ಅಭಿಪ್ರಾಯ: 6 ಕೆಜಿಯದ್ದು ಡಬ್ಬದ ತೂಕವೂ ಸೇರಿ ಭಾರ, ವಯಸ್ಸಾದವರು ಗೋಡೆಯಿಂದ ಇಳಿಸಲಾರರು.

ಯಾವಾಗಲೂ ಇಬ್ಬರು. ಒಬ್ಬರು ಹೊಡೆಯುತ್ತಾರೆ, ಇನ್ನೊಬ್ಬರು ಅವರ ಹಿಂದೆ ಭುಜ ಹಿಡಿದು ನಿಂತು ಬಾಗಿಲು, ಚಾವಣಿ, ಹೊಗೆ ನೋಡುತ್ತಾರೆ. ಹಿಂದಿನವರು ‘ಬನ್ನಿ’ ಅಂದರೆ ವಾದವಿಲ್ಲದೆ ಬರಬೇಕು. ಪುಡಿ ಬಿದ್ದು ಐದು ಸೆಕೆಂಡಾದರೂ ಉರಿ ತಗ್ಗದಿದ್ದರೆ, ಹೊಗೆ ತಲೆಯ ಮಟ್ಟಕ್ಕೆ ಇಳಿದರೆ, ಹಿಂದಿನ ದಾರಿ ಮುಚ್ಚುವಂತಿದ್ದರೆ ಬಾಗಿಲು ಎಳೆದುಕೊಂಡು ಹೊರಗೆ. ಬೀಗ ಹಾಕಬೇಡಿ. ಮುಚ್ಚಿದ ಬಾಗಿಲಿನ ಹಿಂದೆ ಬೆಂಕಿ ಇದ್ದಂತಿದ್ದರೆ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಲೇಬೇಡಿ.

ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿಯನ್ನು ಚಿಕ್ಕ ಬೆಂಕಿ ಅಂತ ನಾವು ಎಣಿಸುವುದೇ ಇಲ್ಲ. ಪುಡಿ ಹೊಡೆದಾಗ ಜ್ವಾಲೆ ಕುಗ್ಗಿದರೂ ಒಳಗಿನ ಸೆಲ್‌ಗಳು ಒಂದರಿಂದೊಂದು ಕಾದು ಮತ್ತೆ ಹೊತ್ತುತ್ತವೆ, ಹೊಗೆ ವಿಷ. ಬೇಸ್‌ಮೆಂಟಿನಿಂದ ಜನರನ್ನು ಹೊರಡಿಸುವುದಷ್ಟೇ ನಮ್ಮ ಪಾಲು.

ಇಷ್ಟರಲ್ಲಿ ಮೂರನೆಯವರು 101 ಅಥವಾ 112ಕ್ಕೆ ಕರೆ ಮಾಡಿರಬೇಕು. ಬೆಂಕಿ ಆರೀತೇನೋ ನೋಡೋಣ ಅಂತ ಕಾಯಬಾರದು. ವಿಳಾಸ, ಹತ್ತಿರದ ಗುರುತು, ಯಾವ ಮಹಡಿ, ಉರಿಯುತ್ತಿರುವುದೇನು, ಒಳಗೆ ಯಾರಿದ್ದಾರೆ, ಇಷ್ಟು ಹೇಳಿ. ಅವರು ಇಡುವವರೆಗೆ ಫೋನ್ ಇಡಬೇಡಿ. ಒಬ್ಬರನ್ನು ಮುಖ್ಯರಸ್ತೆಯ ತಿರುವಿಗೆ ಕಳಿಸಿ, ಗೇಟಿನ ಮುಂದಿನ ಕಾರು ತೆಗೆಸಿ.

ಸುಟ್ಟ ಗಾಯಕ್ಕೆ ನಲ್ಲಿ ನೀರು, ಇಪ್ಪತ್ತು ನಿಮಿಷ. ಟೂತ್‌ಪೇಸ್ಟ್, ಇಂಕು, ಐಸ್ ಯಾವುದೂ ಬೇಡ.

ಬೆಂಕಿಯಿಲ್ಲದ ದಿನಗಳಲ್ಲಿ ನೋಡಬೇಕಾದವೂ ಇವೆ. ಫೈರ್ ಪಂಪ್ ಆಟೋದಲ್ಲಿದೆಯೇ ಅಂತ ಪ್ಯಾನಲ್ ನೋಡಿ. ಎಲ್ಲೋ ಲೈನ್ ಸೋರಿ ಲೈನಿನ ಒತ್ತಡ ಕಾಯುವ ಚಿಕ್ಕ ಜಾಕಿ ಪಂಪ್ ಪದೇ ಪದೇ ಓಡುತ್ತದೆಂದು ಅದನ್ನು ಆಫ್ ಮಾಡಿಟ್ಟು ಮರೆಯುವುದು ಬಹಳ ಕಡೆ ಇದೆ. ಹೋಸ್ ರೀಲಿನ ಹಿತ್ತಾಳೆ ನಾಝಲ್ ಗುಜರಿ ಸೇರಿರುತ್ತದೆ. ಎಕ್ಸ್‌ಟಿಂಗ್ವಿಷರಿನ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿರಬೇಕು. ಕಾರ್ಬನ್ ಡೈಆಕ್ಸೈಡಿನದಕ್ಕೆ ಮುಳ್ಳಿಲ್ಲ, ತೂಗಿಯೇ ನೋಡಬೇಕು.

ಇನ್ನೊಂದು, ಅರ್ಧ ಸೆಕೆಂಡು ಹೊಡೆದ ಪುಡಿ ಸಿಲಿಂಡರನ್ನೂ ಮತ್ತೆ ಕೊಕ್ಕೆಗೆ ತೂಗುಹಾಕಬಾರದು. ವಾಲ್ವಿನ ಸಂದಿಯಲ್ಲಿ ಪುಡಿ ಕೂತು, ಒತ್ತಡ ದಿನೇ ದಿನೇ ಸೋರಿಹೋಗುತ್ತದೆ. ಖಾಲಿ ಅಂತ ತಿಳಿಯಲಿ ಎಂದು ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಅದೇ ದಿನ ರೀಫಿಲ್‌ಗೆ ಕಳಿಸಿ.