ಗ್ರೀಸಿನ ಹಳೆಯ ಕಾರ್ನಿವಲ್ ಕಾರ್ಡುಗಳ ಕಾಲ, ಊರು, ವೇಷ ಗುರುತಿಸುವುದು ಹೇಗೆ?

ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸ ಹಿಡಿಯುವ ಮೊದಲು ಗ್ರೀಕರು ಮೂರು ವಾರ ಕಾರ್ನಿವಲ್ ಆಚರಿಸುತ್ತಾರೆ. ಅಲ್ಲಿ ಅದರ ಹೆಸರು ಅಪೋಕ್ರಿಯೆಸ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೇಷ ಕಟ್ಟಿದವರು ಸ್ಟುಡಿಯೋಗೆ ಹೋಗಿ, ಫೋಟೊವನ್ನು ಅಂಚೆ ಕಾರ್ಡಿನ ಮೇಲೆಯೇ ಮೂಡಿಸಿಕೊಂಡು ನೆಂಟರಿಗೆ ಕಳುಹಿಸುತ್ತಿದ್ದರು. ಅಂಥದೊಂದು ಕಾರ್ಡು ನಿಮ್ಮ ಕೈಗೆ ಬಂದರೆ, ಮಾರಿದವರ ವಿವರಣೆಗಿಂತ ಕಾರ್ಡನ್ನೇ ನಂಬಿ.

ಮೊದಲು ಭೂತಗನ್ನಡಿ ಹಿಡಿಯಿರಿ. ಸಾಲುಸಾಲು ಚುಕ್ಕಿಗಳು ಕಂಡರೆ ಅದು ಪ್ರೆಸ್ಸಿನಲ್ಲಿ ಅಚ್ಚಾದದ್ದು. ಚುಕ್ಕಿಗಳೇ ಇಲ್ಲದೆ, ಕಪ್ಪು ಭಾಗಗಳಲ್ಲಿ ಬೆಳ್ಳಿಯಂಥ ಹೊಳಪು ಮೂಡಿದ್ದರೆ ಬಹುತೇಕ ಅಸಲಿ ಫೋಟೊ.

ನಂತರ ಕಾರ್ಡು ಮಗುಚಿ. ಹಿಂಬದಿಯಲ್ಲಿ ವಿಳಾಸಕ್ಕೊಂದು ಭಾಗ, ಒಕ್ಕಣೆಗೊಂದು ಭಾಗ ಇರುವ ಪದ್ಧತಿಯನ್ನು ಬ್ರಿಟನ್ 1902ರಲ್ಲಿ ಒಪ್ಪಿತು, ಉಳಿದ ದೇಶಗಳು ಆಮೇಲೆ. ಹೀಗೆ ಇಬ್ಭಾಗವಾದ ಕಾರ್ಡನ್ನು 1890ರ ದಶಕದ್ದೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಅಂಚೆ ಮುದ್ರೆಯ ಮೇಲಿನ ತಾರೀಖನ್ನು ಮಾತ್ರ ನಿಧಾನವಾಗಿ ಓದಿ, ಹೆಚ್ಚಿನವರು ಎಡವುವುದು ಇಲ್ಲಿಯೇ. 1923ರ ಫೆಬ್ರವರಿಯವರೆಗೆ ಗ್ರೀಸ್ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿತ್ತು. ಇಪ್ಪತ್ತನೇ ಶತಮಾನದಲ್ಲಿ ಅದು ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದೆ. 1911ರ ಕಾರ್ನಿವಲ್‌ನ ಕೊನೆಯ ಭಾನುವಾರ ಅಥೆನ್ಸಿನಲ್ಲಿ ಫೆಬ್ರವರಿ 20, ಪ್ಯಾರಿಸಿನಲ್ಲಿ ಅದೇ ದಿನ ಮಾರ್ಚ್ 5. ಈ ಲೆಕ್ಕ ಹಾಕದೆ ತಾಳೆ ನೋಡಿದರೆ ಅಸಲಿ ಮುದ್ರೆಯೂ ನಕಲಿಯಂತೆ ಕಾಣುತ್ತದೆ.

ಇನ್ನು ವೇಷ. ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಗಂಡಸರು ಉಡುವ ನೆರಿಗೆಗಳ ಬಿಳಿ ಲಂಗ, ಅಂದರೆ ಫುಸ್ತಾನೆಲ್ಲಾ, ಕಂಡ ಮಾತ್ರಕ್ಕೆ ಕಾರ್ನಿವಲ್ ಎನ್ನಬೇಡಿ. ಆಗ ಎಷ್ಟೋ ಹಳ್ಳಿಗರು ಅದನ್ನು ನಿತ್ಯವೂ ಉಡುತ್ತಿದ್ದರು, ಎವ್ಜೋನ್ ಎಂಬ ಗ್ರೀಕ್ ಪದಾತಿ ಸೈನಿಕರ ಸಮವಸ್ತ್ರವೂ ಅದೇ. ಅದರ ಜೊತೆಗೆ ತೆಳು ಮೀಸೆಯ ಬಿಳಿ ಮುಖವಾಡ, ಎದೆ ತುಂಬ ಬೆಳ್ಳಿ ನಾಣ್ಯಗಳ ಸಾಲು, ಕೈಯಲ್ಲಿ ಬಾಗಿದ ಕತ್ತಿ ಇದ್ದರೆ ಅದು ಉತ್ತರ ಗ್ರೀಸಿನ ಮ್ಯಾಸಿಡೋನಿಯಾ ಪ್ರಾಂತ್ಯದ ನೌಸಾ ಊರಿನ ‘ಯೆನಿತ್ಸಾರೋಸ್’ ಎಂಬ ಕಾರ್ನಿವಲ್ ಪಾತ್ರ. ಪಕ್ಕದಲ್ಲಿ ಮದುಮಗಳಂತೆ ನಿಂತ ‘ಬೂಲಾ’ ಕೂಡ ಗಂಡಸೇ. ನೌಸಾ 1912ರವರೆಗೆ ಒಟ್ಟೋಮನ್ ಆಳ್ವಿಕೆಯಲ್ಲಿದ್ದ ಊರು. ಅದಕ್ಕೂ ಮುಂಚೆ ಅಲ್ಲಿಂದ ಹೋದ ಕಾರ್ಡಿನಲ್ಲಿ ತುರ್ಕಿಯ ಅಂಚೆ ಚೀಟಿ ಕಂಡರೆ ಗಾಬರಿ ಬೇಡ.

ಮುಖಕ್ಕೆ ಮೇಕೆಮರಿಯ ತೊಗಲು, ಸೊಂಟದ ಸುತ್ತ ಕುರಿಗಂಟೆಗಳ ರಾಶಿ ಇದ್ದರೆ ಸ್ಕೈರೋಸ್ ದ್ವೀಪದ ‘ಯೆರೋಸ್’, ಅಂದರೆ ಮುದುಕ. ಆ ಗಂಟೆಗಳ ಭಾರ 50 ಕಿಲೋವರೆಗೂ ಹೋಗುತ್ತದೆ. ಅಷ್ಟನ್ನೂ ಹೊತ್ತು ನಾದ ಹೊಮ್ಮುವಂತೆ ನಡೆಯುವವನ ಸೊಂಟ ಹೇಗೆ ಬಾಗಿದೆ, ಕೈಯ ಕೋಲನ್ನು ಹೇಗೆ ಊರಿದ್ದಾನೆ ಎಂಬುದನ್ನು ಚಿತ್ರದಲ್ಲಿ ಹುಡುಕಿ ನೋಡಿ. ತಲೆಯಿಂದ ಕಾಲಿನವರೆಗೆ ಕಪ್ಪು ಡೊಮಿನೋ ನಿಲುವಂಗಿ ತೊಟ್ಟ ಹೆಂಗಸರಿದ್ದರೆ ಪಾತ್ರಾಸ್ ನಗರದ ನೃತ್ಯಕೂಟಗಳನ್ನು ನೆನೆಯಬಹುದು. ಆದರೆ ಡೊಮಿನೋ ಯುರೋಪಿನಾದ್ಯಂತ ಇದ್ದ ಉಡುಪು, ಆದ್ದರಿಂದ ಸ್ಟುಡಿಯೋ ಮುದ್ರೆಯೋ ಕೈಬರಹವೋ ಸಿಗದೆ ಊರಿನ ಹೆಸರು ಹಾಕಬೇಡಿ.

ಕಾರ್ಡುಗಳನ್ನು ಪಿವಿಸಿ ಲಕೋಟೆಯಲ್ಲಿ ಇಡಬೇಡಿ. ಪಾಲಿಯೆಸ್ಟರ್ ಲಕೋಟೆ, ಆಮ್ಲರಹಿತ ಕಾಗದದ ಪೆಟ್ಟಿಗೆ ಸಾಕು. ಗುರುತಿಸಿದ್ದನ್ನು ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ: ಎರಡೂ ಪಂಚಾಂಗದ ತಾರೀಖು, ಊರು, ಪಾತ್ರದ ಹೆಸರು, ಯಾವ ಗುರುತಿನಿಂದ ಹಾಗೆ ತೀರ್ಮಾನಿಸಿದಿರಿ ಎಂಬುದು.