ಡಬ್ಬಿ ತೆರೆಯದೆ ದಾಟಿದ ದಿನಗಳು: ನನ್ನ ಅನುಭವ

ಮಗಳಿಗೆ ಇನ್ನೊಂದು ವಾರಕ್ಕೆ ಆರು ತಿಂಗಳು ತುಂಬುತ್ತದೆ. ಇಲ್ಲಿಯವರೆಗೆ ಎದೆಹಾಲು ಬಿಟ್ಟು ಒಂದು ಚಮಚ ಬೇರೆ ಏನೂ ಕೊಟ್ಟಿಲ್ಲ. ಗ್ರೋತ್ ಸ್ಪರ್ಟ್, ಅಂದರೆ ಮಗು ಒಮ್ಮೆಲೇ ಬೆಳೆಯುತ್ತ ಕೆಲವು ದಿನ ಪದೇ ಪದೇ ಹಾಲು ಕೇಳುವ ಹೊತ್ತು, ಬಂದಾಗ "ಈ ಸಲವೂ ನೀನು ಪುಡಿ ಹಾಲಿನ ಡಬ್ಬಿ ತೆರೆಯೋದೇ" ಎಂದವರು ಮನೆಯಲ್ಲೇ ಮೂವರಿದ್ದರು. ತೆರೆಯಲಿಲ್ಲ. ಅದನ್ನು ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ, ಹಾಗಾಗಿ ಬರೆಯುತ್ತಿದ್ದೇನೆ.

ಪುಡಿ ಹಾಲು ಕೊಡುವವರ ಮೇಲೆ ನನಗೆ ತಕರಾರಿಲ್ಲ. ಮೊದಲನೆಯ ಮಗ ಅದನ್ನೇ ಕುಡಿದು ಗಟ್ಟಿಮುಟ್ಟಾಗಿ ಬೆಳೆದ. ನನಗೆ ಬೇಸರವಿದ್ದದ್ದು ಬೇರೆ ವಿಷಯಕ್ಕೆ. ನನ್ನಲ್ಲಿ ಹಾಲಿತ್ತು, ಆದರೂ ಇಲ್ಲ ಎಂದು ನಂಬಿಬಿಟ್ಟಿದ್ದೆ.

ಮಗನಿಗೆ ಮೂರು ವಾರ ಆದಾಗ ನಡೆದದ್ದು ಇಷ್ಟು. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಎದೆ ಬಿಡಲೇ ಇಲ್ಲ. ಹತ್ತು ನಿಮಿಷ ಕುಡಿದು ಬಿಡುವುದು, ಮತ್ತೆ ರಚ್ಚೆ ಹಿಡಿಯುವುದು. ಎದೆ ಮುಟ್ಟಿದರೆ ಮೆತ್ತಗೆ, ಖಾಲಿಯಾದ ಹಾಗೆ. ಪಂಪ್ ಹಾಕಿ ನೋಡಿದೆ, ತಳದಲ್ಲಿ ಇಪ್ಪತ್ತು ಮಿಲಿ ಬಂತು. ಆಯಿತಲ್ಲ, ಹಾಲು ಬತ್ತಿತು ಎಂದುಕೊಂಡು ಬಾಟಲಿ ಕೊಟ್ಟೆ. ಗಟಗಟ ಕುಡಿದು ನಾಲ್ಕು ಗಂಟೆ ಮಲಗಿದ. ಆ ನಾಲ್ಕು ಗಂಟೆ ಎದೆಗೆ ಕೆಲಸ ಇರಲಿಲ್ಲ, ಮಗು ಎಳೆಯದಿದ್ದರೆ ಹಾಲೂ ಕಡಿಮೆಯಾಗುತ್ತದೆ. ಮರುದಿನ ಇನ್ನೊಂದು ಬಾಟಲಿ. ಆರನೆಯ ವಾರದ ಸ್ಪರ್ಟ್ ಹೊತ್ತಿಗೆ ದಿನಕ್ಕೆ ಐದು, ಮೂರು ತಿಂಗಳಿಗೆ ಎದೆಹಾಲು ನಿಂತೇಹೋಯಿತು.

ಆ ಮೂರು ತಿಂಗಳಲ್ಲಿ ದುಡ್ಡು ಹೇಗೆ ಹೋಯಿತೆಂದರೆ ಈಗ ನೆನೆದರೂ ಹೊಟ್ಟೆ ಉರಿಯುತ್ತದೆ. ವಿದ್ಯುತ್ ಪಂಪ್, ನಾಲ್ಕು ಬಗೆಯ ಬಾಟಲಿ, ತಾನಾಗಿ ತೂಗುವ ತೊಟ್ಟಿಲು, ಹಾಲು ಹೆಚ್ಚಿಸುತ್ತದೆ ಎಂದು ಮಾರುವ ಮೂರು ತರಹದ ಪುಡಿ. ಸುಮಾರು ಒಂದು ತಿಂಗಳ ಸಂಬಳದಷ್ಟು ಹೋಯಿತು. ತೊಟ್ಟಿಲಲ್ಲಿ ಅವನು ಮಲಗಿದ್ದು ಒಟ್ಟು ಐದಾರು ಸಲ.

ಮಗಳ ಸರದಿಗೆ ನಾನು ಕೊಂಡದ್ದು ಒಂದು ನೋಟ್‌ಬುಕ್. ಬಾಡಿಗೆಗೆ ತಂದದ್ದು ಐದು ಗ್ರಾಂ ವ್ಯತ್ಯಾಸ ತೋರಿಸುವ ಮಗುವಿನ ತೂಕದ ಯಂತ್ರ, ಎರಡು ತಿಂಗಳಿಗೆ. ಮೊದಲ ಸಲದ ಖರ್ಚಿನಲ್ಲಿ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ವಿಧಾನ ಅಂತ ದೊಡ್ಡದೇನಿಲ್ಲ. ಸ್ಪರ್ಟ್ ಬಂದ ದಿನ ಗಡಿಯಾರ ನೋಡುವುದು ಬಿಟ್ಟೆ, ಒದ್ದೆ ಡೈಪರ್ ಎಣಿಸಿದೆ. ಕೇಳಿದಾಗಲೆಲ್ಲ ಎದೆ ಕೊಟ್ಟೆ, ಎರಡೂ ಕಡೆ, ಮತ್ತೆ ಮೊದಲನೆಯ ಕಡೆ. ದಿನಕ್ಕೆ ಆರಕ್ಕಿಂತ ಜಾಸ್ತಿ ಒದ್ದೆ ಡೈಪರ್ ಇದ್ದರೆ, ಎಚ್ಚರವಿದ್ದಾಗ ಮಗು ಲವಲವಿಕೆಯಿಂದ ಇದ್ದರೆ, ಯಾರು ಏನೇ ಹೇಳಲಿ ಮೂರು ದಿನ ಬಾಟಲಿ ಮುಟ್ಟಬಾರದು ಎಂದು ಗಟ್ಟಿ ಮಾಡಿಕೊಂಡೆ. ಡೈಪರ್ ಕಡಿಮೆಯಾದರೆ, ಮಗು ಮಂಕಾದರೆ, ಮೈ ಬಿಸಿಯಾದರೆ ಆ ಕ್ಷಣವೇ ಡಾಕ್ಟರ್. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಕಾಯುವ ಪ್ರಶ್ನೆಯೇ ಇಲ್ಲ.

ಮೂರನೆಯ ವಾರದಲ್ಲಿ ಇಷ್ಟನ್ನೂ ಮಾಡಿದೆ, ಜೊತೆಗೆ ಒಂದು ತಪ್ಪನ್ನೂ ಮಾಡಿದೆ. ಹಾಲು ಬೇಗ ಏರಲಿ ಎಂದು ಪ್ರತಿ ಸಲ ಕುಡಿಸಿದ ಮೇಲೆ ಪಂಪ್ ಕೂಡ ಹಾಕಿದೆ. ಮೂರು ದಿನದಲ್ಲಿ ಸ್ಪರ್ಟ್ ಮುಗಿಯಿತು, ಮಗಳು ಮೊದಲಿನ ಲೆಕ್ಕಕ್ಕೆ ಬಂದಳು, ನನ್ನ ಎದೆ ಮಾತ್ರ ಮೊದಲಿನಂತಾಗಲಿಲ್ಲ. ಕಲ್ಲಿನಂತೆ ಬಿಗಿಯಿತು, ಎಡಗಡೆ ಗಂಟು ಕಟ್ಟಿ ಒಂದು ರಾತ್ರಿ ಚಳಿಜ್ವರ ಬಂತು. ಹಾಲು ರಭಸವಾಗಿ ಬಂದು ಮಗಳಿಗೆ ನೆತ್ತಿ ಹತ್ತುತ್ತಿತ್ತು. ಪಂಪ್ ನಿಧಾನವಾಗಿ ಕಡಿಮೆ ಮಾಡಿ ಸರಿಹೋಗಲು ಹತ್ತು ದಿನ ಬೇಕಾಯಿತು. ನನ್ನ ಮಟ್ಟಿಗೆ ಆ ದಿನಗಳಲ್ಲಿ ಮಗುವಿನ ಬಾಯೇ ಸಾಕು, ಅದಕ್ಕೆ ತನಗೆಷ್ಟು ಬೇಕೆಂದು ಗೊತ್ತಿರುತ್ತದೆ.

ನಿಜವಾದ ಪರೀಕ್ಷೆ ಆರನೆಯ ವಾರದ್ದು. ಸಾಮಾನ್ಯ ದಿನ ಒಂಬತ್ತು ಸಲ ಕುಡಿಯುತ್ತಿದ್ದವಳು ಎರಡನೆಯ ದಿನ ಹದಿನೇಳು ಸಲ ಕುಡಿದಳು. ರಾತ್ರಿ ನಾಲ್ಕು ಗಂಟೆ ಒಂದೇ ಸಮ ಮಲಗುತ್ತಿದ್ದವಳು ಒಂದೂವರೆ ಗಂಟೆಗೆ ಏಳುತ್ತಿದ್ದಳು. ಅತ್ತೆಗೆ ನೋಡಲಾಗಲಿಲ್ಲ. "ಹಾಲು ಸಾಲ್ತಿಲ್ಲ ಕಣಮ್ಮ, ಮಗು ಹಸ್ಕೊಂಡಿದೆ. ಒಂದು ಬಾಟಲಿ ಕೊಟ್ಟು ಮಲಗಿಸು" ಎಂದರು. ಅವರ ಕಣ್ಣಲ್ಲೂ ನಿದ್ದೆ ಇರಲಿಲ್ಲ. "ಇವತ್ತು ಎಂಟು ಡೈಪರ್ ಒದ್ದೆ ಆಗಿದೆ ಅತ್ತೆ. ನಾಳೆ ಐದಕ್ಕೆ ಇಳಿದ್ರೆ ಡಾಕ್ಟರ್ ಹತ್ರ ಹೋಗೋಣ, ಅವರು ಹೇಳಿದ್ರೆ ನಾನೇ ಬಾಟಲಿ ಕೊಡ್ತೀನಿ" ಎಂದು ನೋಟ್‌ಬುಕ್ ತೋರಿಸಿದೆ. ಅವತ್ತಿನಿಂದ ಡೈಪರ್ ಎಣಿಸುವ ಕೆಲಸ ಅತ್ತೆಯೇ ತೆಗೆದುಕೊಂಡರು. ರಾತ್ರಿ ತೇಗಿಸುವುದು, ಡೈಪರ್ ಬದಲಿಸುವುದು ನಮ್ಮವರ ಪಾಲಿಗೆ. ನನಗೆ ಕುಡಿಸುವುದೊಂದೇ ಕೆಲಸ. ಈ ಹಂಚಿಕೆ ಇಲ್ಲದಿದ್ದರೆ ಎರಡನೆಯ ರಾತ್ರಿಯೇ ಸೋಲುತ್ತಿದ್ದೆ. ನಾಲ್ಕನೆಯ ದಿನ ಮಗಳು ಐದು ಗಂಟೆ ನಿದ್ದೆ ಹೊಡೆದಳು.

ತೂಕದ ಯಂತ್ರದಲ್ಲಿ ಆಟವಾಡಿದ್ದೂ ಆ ವಾರವೇ. ಕುಡಿಸುವ ಮುಂಚೆ, ಆಮೇಲೆ, ಅದೇ ಬಟ್ಟೆ ಅದೇ ಡೈಪರ್‌ನಲ್ಲಿ ತೂಗಿದೆ. ಒಂದು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಮಿಲಿ. ಬೆಳಗಿನ ಜಾವ ನೂರರ ಹತ್ತಿರ, ಸಂಜೆ ಮೂವತ್ತು ನಲವತ್ತು. ಮಗನ ವಿಷಯದಲ್ಲಿ ಸಂಜೆ ಹೀಗೆ ಕಡಿಮೆ ಬಂದದ್ದನ್ನೇ ನೋಡಿ ಹೆದರಿದ್ದು ನಾನು! ಸಂಜೆ ಸಣ್ಣ ಸಣ್ಣ ಗುಟುಕಿನಲ್ಲಿ ಹೆಚ್ಚು ಸಲ ಕುಡಿದು ಲೆಕ್ಕ ಸರಿಮಾಡಿಕೊಳ್ಳುತ್ತಾರೆ, ಅಷ್ಟೇ. ಇಡೀ ದಿನದ ಮೊತ್ತ ನೆನಪಿದ್ದ ಹಾಗೆ ಏಳುನೂರು ಚಿಲ್ಲರೆ. ಪಂಪ್‌ನಲ್ಲಿ ಬಂದದ್ದಕ್ಕೂ ಮಗು ಎಳೆದದ್ದಕ್ಕೂ ತಾಳೆಯೇ ಆಗಲಿಲ್ಲ. ಪಂಪ್‌ನ ಅಂಕಿ ನೋಡಿ ಯಾರೂ ಎದೆಗುಂದಬೇಡಿ. ಯಂತ್ರವೂ ಅಭ್ಯಾಸವಾದರೆ ಚಾಳಿ ಹಿಡಿಯುತ್ತದೆ. ನಾನು ನಾಲ್ಕು ದಿನಕ್ಕೆ ನಿಲ್ಲಿಸಿ ವಾರಕ್ಕೊಮ್ಮೆ ಮಾತ್ರ ತೂಗಿದೆ. ವಾರಕ್ಕೆ ನೂರೈವತ್ತರಿಂದ ಇನ್ನೂರು ಗ್ರಾಂ ಏರುತ್ತಿತ್ತು.

ಇನ್ನೊಂದು ಪ್ರಯೋಗ ನಿದ್ದೆಯದ್ದು. ಮಿಶೆಲ್ ಲ್ಯಾಂಪ್ಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1992ರಲ್ಲೇ ತೋರಿಸಿದ್ದರು, ಮಕ್ಕಳ ಉದ್ದ ದಿನಾ ಒಂದಿಷ್ಟು ಅಂತ ಬೆಳೆಯುವುದಿಲ್ಲ, ಸುಮ್ಮನಿದ್ದು ಒಮ್ಮೆಲೇ ಜಿಗಿಯುತ್ತದೆ ಎಂದು. 2011ರಲ್ಲಿ ಅವರದೇ ಇನ್ನೊಂದು ಅಧ್ಯಯನ ಬಂತು. ಮಗು ಜಾಸ್ತಿ ಮಲಗಿದ ಎರಡು ದಿನದೊಳಗೆ ಉದ್ದ ಏರುವುದು ಹೆಚ್ಚು ಎಂದು ಅದರಲ್ಲಿತ್ತು. ಓದಿ ಸುಮ್ನೆ ಕೂರಲಾಗಲಿಲ್ಲ. ದಿನಾ ಬೆಳಿಗ್ಗೆ ಟೇಪ್ ಹಿಡಿದೆ. ಮಗಳು ಕಾಲು ಮಡಚುತ್ತಾಳೆ, ನಮ್ಮವರು ತಲೆ ಹಿಡಿದರೆ ನಗುತ್ತಾಳೆ, ಒಂದೇ ದಿನ ಮೂರು ಸಲ ಅಳೆದರೆ ಮೂರು ಅಂಕಿ. ಎರಡು ವಾರಕ್ಕೆ ಟೇಪ್ ಬಿಟ್ಟೆ. ಆದರೆ ನಿದ್ದೆಯ ಲೆಕ್ಕ ಬಿಡಲಿಲ್ಲ. ಮೂರು ಸ್ಪರ್ಟ್‌ಗಳಲ್ಲಿ ಎರಡಕ್ಕೆ ಹಿಂದಿನ ದಿನ ಮಗಳು ಹಗಲಲ್ಲಿ ಎರಡು ಮೂರು ಗಂಟೆ ಜಾಸ್ತಿ ಮಲಗಿದ್ದಳು. ಒಂದೇ ಮಗುವಿನ ಲೆಕ್ಕ ಇದು, ಆದರೂ ನನಗೆ ಉಪಯೋಗಕ್ಕೆ ಬಂತು. ಅವಳು ಹಾಗೆ ಮಲಗಿದರೆ ನಾನೂ ಮಲಗಿಬಿಡುತ್ತೇನೆ.

ನಾಲ್ಕನೆಯ ತಿಂಗಳಲ್ಲಿ ಮೋಸ ಹೋದೆ. ರಾತ್ರಿ ಗಂಟೆಗೊಮ್ಮೆ ಎದ್ದಳು. ಸ್ಪರ್ಟ್ ಎಂದುಕೊಂಡು ಪ್ರತಿ ಸಲ ಕುಡಿಸಿದೆ. ಮೂರು ದಿನ ಹೋಗಿ ಹನ್ನೆರಡು ದಿನವಾದರೂ ನಿಲ್ಲಲಿಲ್ಲ. ಒಂದು ರಾತ್ರಿ ಸಣ್ಣ ದೀಪ ಹಾಕಿಕೊಂಡು ಅವಳ ದವಡೆಯನ್ನೇ ನೋಡುತ್ತ ಕೂತೆ. ಹಾಲು ಇಳಿಯುತ್ತಿದ್ದರೆ ಕೆಳದವಡೆ ಪೂರ್ತಿ ಇಳಿದು ಒಂದು ಕ್ಷಣ ನಿಲ್ಲುತ್ತದೆ, ಕಿವಿಯ ಮುಂದಿನ ಜಾಗ ಅಲುಗುತ್ತದೆ, ಆಮೇಲೆ "ಕ್" ಅನ್ನುವ ಸಣ್ಣ ಸದ್ದು. ಅವತ್ತು ಅದು ಮೂರೇ ಸಲ. ಆಮೇಲೆ ತುಟಿ ಮಾತ್ರ ಪಟಪಟ ಆಡುತ್ತಿತ್ತು, ಕಣ್ಣು ಮುಚ್ಚಿತ್ತು. ಹಸಿವಲ್ಲ ಅದು, ನಿದ್ದೆಯ ಸ್ವರೂಪವೇ ಬದಲಾಗುವ ವಯಸ್ಸು. ಮರುದಿನದಿಂದ ಎದ್ದ ಕೂಡಲೇ ಎತ್ತಿಕೊಳ್ಳದೆ ಎರಡು ನಿಮಿಷ ಅವಳ ಎದೆಯ ಮೇಲೆ ಕೈಯಿಟ್ಟು ಕಾದೆ. ಅರ್ಧಕ್ಕರ್ಧ ಸಲ ಮತ್ತೆ ಮಲಗಿದಳು. ಅಳು ಜೋರಾದರೆ ಕುಡಿಸುತ್ತಿದ್ದೆ. ಕೈ ಎಲ್ಲಿಡಬೇಕು, ಯಾವಾಗ ತೆಗೆಯಬೇಕು ಅನ್ನುವುದರಲ್ಲಿ ಒಂದು ಸಣ್ಣ ಉಪಾಯವಿದೆ. ಅದನ್ನು ನನ್ನ ತಂಗಿಗೆ ಎಂದು ಇಟ್ಟುಕೊಂಡಿದ್ದೇನೆ, ಅವಳಿಗೆ ಈಗ ಏಳನೆಯ ತಿಂಗಳು.

ನಿನ್ನೆ ಮಧ್ಯಾಹ್ನದಿಂದ ಮಗಳು ಮತ್ತೆ ಜಾಸ್ತಿ ಮಲಗುತ್ತಿದ್ದಾಳೆ. ಆರನೆಯ ತಿಂಗಳದ್ದು ಬರುವ ಹೊತ್ತು ಇದು, ಅಲ್ವಾ? ಕುಡಿಸುವಾಗ ತೊಡೆಯ ಮೇಲಿಡುವ ದಿಂಬಿನ ಕವರ್ ಒಗೆದು ಹಾಕಿದ್ದೇನೆ. ಅತ್ತೆ ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದು ತಾರೀಕು ಬರೆದಿಟ್ಟಿದ್ದಾರೆ.