ಹೋಮ್ ಡೈರೆಕ್ಟರಿಯ ಪಾತ್ ಕಟ್ಟುವ ಸಿ ಕೋಡ್: ಗಿಟ್ ಪ್ಯಾಚ್ ರಿವ್ಯೂ ಮಾಡುವಾಗ ಎಲ್ಲೆಲ್ಲಿ ಕಣ್ಣಿಡಬೇಕು

ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಸಾಫ್ಟ್‌ವೇರ್ ಗಿಟ್. ಅದರ ಸೋರ್ಸ್‌ನಲ್ಲಿ ಬಳಕೆದಾರರ ಹೋಮ್ ಡೈರೆಕ್ಟರಿಯಿಂದ ಫೈಲ್ ಹುಡುಕುವ ಕೋಡ್ ತೀರಾ ಚಿಕ್ಕದು. ಹೋಮ್ ಎನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಮ್‌ಗೆ ಹೊರಗಿನಿಂದ ಸಿಗುವ ಹೆಸರು-ಮೌಲ್ಯದ ಜೋಡಿ) ಓದಿ, ಒಂದು ಸ್ಲ್ಯಾಶ್ ಹಾಕಿ, ಫೈಲ್ ಹೆಸರು ಅಂಟಿಸಿದರೆ ಮುಗಿಯಿತು. ಹೀಗಾಗಿ ಇಂಥ ಪ್ಯಾಚ್ (ಕೋಡ್‌ಗೆ ಸೂಚಿಸಿದ ತಿದ್ದುಪಡಿ) ಬಂದರೆ ಎರಡು ನಿಮಿಷದಲ್ಲಿ ಕಣ್ಣಾಡಿಸಿ ಕಳಿಸಿಬಿಡುವವರೇ ಹೆಚ್ಚು. ಆದರೆ ಅಂಟಿಸುವ ಸಾಲಿನಲ್ಲಿ ತಪ್ಪಿರುವುದು ಅಪರೂಪ. ಹೋಮ್ ಇಲ್ಲದಾಗ ಏನಾಗುತ್ತದೆ, ಕೈಗೆ ಬಂದ ಸ್ಟ್ರಿಂಗ್ ಯಾರ ಸ್ವತ್ತು, ಈ ಎರಡು ಪ್ರಶ್ನೆ ಕೇಳದೆ ಬಿಟ್ಟಲ್ಲೇ ಬಗ್ ಕೂತಿರುತ್ತದೆ.

ಡಿಫ್‌ ಅನ್ನು, ಅಂದರೆ ಬದಲಾದ ಸಾಲುಗಳ ಪಟ್ಟಿಯನ್ನು, -ಡಬ್ಲ್ಯೂ (ದೊಡ್ಡಕ್ಷರ) ಹಾಕಿ ತೆರೆಯಿರಿ, ಆಗ ಫಂಕ್ಷನ್ ಪೂರ್ತಿ ಕಾಣುತ್ತದೆ. ಮೂರು ಸಾಲಿನ ಸಂದರ್ಭ ಮಾತ್ರ ನೋಡಿಕೊಂಡು ಈ ಕೋಡ್ ಓದುವುದು ಸುಮ್ಮನೆ ಸಮಯ ಹಾಳು.

ಬಳಕೆದಾರರ ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳ ಫೈಲ್, ಎರಡು ಜಾಗದಲ್ಲಿ ಇರಬಹುದು. ಒಂದು, ಹೋಮ್‌ನಲ್ಲೇ ಇರುವ .ಗಿಟ್‌ಕಾನ್ಫಿಗ್. ಇನ್ನೊಂದು, 2012ರಲ್ಲಿ 1.7.12ನೇ ಆವೃತ್ತಿಯೊಂದಿಗೆ ಬಂದದ್ದು: ಎಕ್ಸ್‌ಡಿಜಿ_ಕಾನ್ಫಿಗ್_ಹೋಮ್ (ಎಕ್ಸ್‌ಡಿಜಿ ಎಂದರೆ ಇಂಥ ಫೈಲ್‌ಗಳು ಎಲ್ಲಿರಬೇಕು ಎಂಬ ನಿಯಮಾವಳಿ) ಎಂಬ ವೇರಿಯಬಲ್ ತೋರಿಸುವ ಡೈರೆಕ್ಟರಿಯೊಳಗಿನ ಗಿಟ್/ಕಾನ್ಫಿಗ್. ಗಿಟ್ ಎರಡನ್ನೂ ಓದುತ್ತದೆ, ಮೊದಲು ಎಕ್ಸ್‌ಡಿಜಿಯದು, ಆಮೇಲೆ .ಗಿಟ್‌ಕಾನ್ಫಿಗ್. ಒಂದೇ ಕೀ ಎರಡರಲ್ಲೂ ಇದ್ದರೆ ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಕೋಡ್ ಚೊಕ್ಕ ಮಾಡುವ ನೆಪದಲ್ಲಿ ಪ್ಯಾಚ್ ಈ ಎರಡು ಸಾಲನ್ನು ಅದಲು ಬದಲು ಮಾಡಿದ್ದರೆ ಕಂಪೈಲರ್ ಏನೂ ಹೇಳುವುದಿಲ್ಲ, ಬಳಕೆದಾರರ ಇಮೇಲ್ ವಿಳಾಸ ಮಾತ್ರ ಸದ್ದಿಲ್ಲದೆ ಬದಲಾಗಿರುತ್ತದೆ.

ಇಲ್ಲದಿರುವುದು ಬೇರೆ, ಖಾಲಿ ಇರುವುದು ಬೇರೆ

ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಮೂರು ಸ್ಥಿತಿ: ಇಲ್ಲವೇ ಇಲ್ಲ, ಇದ್ದೂ ಖಾಲಿ, ಮೌಲ್ಯ ಇದೆ. ಅದನ್ನು ಓದುವ ಫಂಕ್ಷನ್ ಗೆಟ್‌ಎನ್ವ್ ಮೊದಲನೆಯದಕ್ಕೆ ನಲ್ (ಮೆಮೊರಿಯ ಯಾವ ಜಾಗವನ್ನೂ ತೋರಿಸದ ಪಾಯಿಂಟರ್) ಕೊಡುತ್ತದೆ, ಎರಡನೆಯದಕ್ಕೆ ಸೊನ್ನೆ ಬೈಟ್ ಮಾತ್ರ ಇರುವ ಸ್ಟ್ರಿಂಗ್. ಪ್ಯಾಚ್‌ನಲ್ಲಿ ನಲ್ ಚೆಕ್ ಒಂದೇ ಇದ್ದರೆ ಅಲ್ಲೇ ಕೆಂಪು ಗೆರೆ ಎಳೆಯಿರಿ.

ಇದಕ್ಕೆ ಗಿಟ್‌ನಲ್ಲೇ ಉದಾಹರಣೆ ಇದೆ. ಮೊದಲು ಹೋಮ್_ಕಾನ್ಫಿಗ್_ಪಾತ್ಸ್ ಎಂಬ ಫಂಕ್ಷನ್ ಎರಡೂ ಪಾತ್‌ಗಳನ್ನು ಒಟ್ಟಿಗೆ ಕಟ್ಟಿಕೊಡುತ್ತಿತ್ತು. ಅದು ಎಕ್ಸ್‌ಡಿಜಿ ವೇರಿಯಬಲ್ ನಲ್ ಹೌದೋ ಅಲ್ಲವೋ ಎಂದಷ್ಟೇ ನೋಡುತ್ತಿತ್ತು. ವೇರಿಯಬಲ್ ಖಾಲಿ ಇದ್ದರೆ ಖಾಲಿ ಸ್ಟ್ರಿಂಗ್‌ಗೆ "/ಗಿಟ್/ಕಾನ್ಫಿಗ್" ಅಂಟಿ, ಹುಡುಕಾಟ ಮೆಷಿನ್‌ನ ರೂಟ್ ಡೈರೆಕ್ಟರಿಯಿಂದಲೇ ಶುರುವಾಗುತ್ತಿತ್ತು. ಎಕ್ಸ್‌ಡಿಜಿ ನಿಯಮದ ಪ್ರಕಾರ ಇಲ್ಲದಿದ್ದರೂ ಖಾಲಿ ಇದ್ದರೂ ಹೋಮ್‌ನೊಳಗಿನ .ಕಾನ್ಫಿಗ್‌ಗೇ ಹೋಗಬೇಕು. 2015ರಲ್ಲಿ ಬಂದ ಎಕ್ಸ್‌ಡಿಜಿ_ಕಾನ್ಫಿಗ್_ಹೋಮ್ ಫಂಕ್ಷನ್ ಪಾಯಿಂಟರ್ ಇದೆಯೇ ಎಂದು ನೋಡಿ, ಅದರ ಮೊದಲ ಬೈಟ್ ಸೊನ್ನೆ ಅಲ್ಲವೇ ಎಂದೂ ನೋಡುತ್ತದೆ. ಒಂದೇ ಒಂದು ನಕ್ಷತ್ರ ಚಿಹ್ನೆಯ ವ್ಯತ್ಯಾಸ. ಎಕ್ಸ್‌ಡಿಜಿ, ಹೋಮ್ ಎರಡೂ ವೇರಿಯಬಲ್ ಇಲ್ಲದಿದ್ದರೆ ಅದು ನಲ್ ವಾಪಸ್ ಕೊಡುತ್ತದೆ.

ಆ ನಲ್ ಎಲ್ಲೆಲ್ಲಿ ಹೋಗುತ್ತದೆ ಎಂದು ಹಿಂಬಾಲಿಸುವುದೇ ರಿವ್ಯೂವಿನ ಮುಕ್ಕಾಲು ಕೆಲಸ. ಕೋಡ್‌ನಲ್ಲಿ ಪದ ಹುಡುಕುವ ಗಿಟ್ ಗ್ರೆಪ್ -ಎನ್ ಹಾಕಿ ಆ ಫಂಕ್ಷನ್ ಕರೆಯುವ ಪ್ರತಿ ಜಾಗವನ್ನೂ ತೆರೆಯಿರಿ. ಓದುವ ಕಡೆ ನಲ್ ಬಂದರೆ ಆ ಫೈಲ್ ಬಿಟ್ಟು ಮುಂದೆ ಹೋದರಾಯಿತು. ಬರೆಯುವ ಕಡೆ ಹಾಗಾಗದು. ಕಾನ್ಫಿಗ್ --ಗ್ಲೋಬಲ್ ಎಂದಾಗ .ಗಿಟ್‌ಕಾನ್ಫಿಗ್ ಇದ್ದರೆ ಬರವಣಿಗೆ ಅದಕ್ಕೇ ಹೋಗುತ್ತದೆ. ಅದಿಲ್ಲದೆ ಎಕ್ಸ್‌ಡಿಜಿ ಫೈಲ್ ಇದ್ದರೆ ಮಾತ್ರ ಅದಕ್ಕೆ. ಹೋಮ್ ಗೊತ್ತೇ ಇಲ್ಲದಿದ್ದರೆ ಮೊದಲ ಫೈಲ್ ಇದೆಯೋ ಇಲ್ಲವೋ ತಿಳಿಯುವಂತಿಲ್ಲ. ಅದಕ್ಕೇ ಎಕ್ಸ್‌ಡಿಜಿ ವೇರಿಯಬಲ್ ಸರಿಯಾಗಿದ್ದರೂ ಗಿಟ್ ಹೋಮ್ ಸೆಟ್ ಆಗಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಇದನ್ನು ಬಗ್ ಎಂದು ತಿಳಿದು "ಸರಿಪಡಿಸುವ" ಪ್ಯಾಚ್ ಬಂದರೆ ಒಪ್ಪಬೇಡಿ.

ಹೋಮ್ ಇಲ್ಲದಿದ್ದರೆ ಪಾಸ್‌ವರ್ಡ್ ಡೇಟಾಬೇಸ್‌ನಿಂದ (ಸಿಸ್ಟಮ್‌ನ ಯೂಸರ್‌ಗಳ ಪಟ್ಟಿಯಿಂದ) ಡೈರೆಕ್ಟರಿ ತೆಗೆದುಕೊಳ್ಳೋಣ ಎಂಬ ಸಲಹೆಯೂ ಬರಬಹುದು. ಕೇಳಲು ಚೆನ್ನಾಗಿದೆ. ಆದರೆ ಹೋಮ್ ಅನ್ನು ಬೇಕೆಂದೇ ತೆಗೆದು ಓಡಿಸುವವರ ಕೈಗೆ ಯಾವುದೋ ಕಾನ್ಫಿಗ್ ತಗಲಿಹಾಕಿದಂತಾಗುತ್ತದೆ. ಜೊತೆಗೆ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು ಒಳಗೇ ಸೇರಿಸಿ, ಅಂದರೆ ಸ್ಟ್ಯಾಟಿಕ್ ಆಗಿ, ಲಿಂಕ್ ಮಾಡಿದ ಬೈನರಿಯಲ್ಲಿ ಯೂಸರ್ ವಿವರ ತರುವ ಗೆಟ್‌ಪಿಡಬ್ಲ್ಯೂಎನ್‌ಎಎಂ ಥರದ ಕರೆಗಳಿಗೆ ಓಡುವಾಗಲೂ ಶೇರ್ಡ್ ಲೈಬ್ರರಿ ಬೇಕು.

ಸ್ಟ್ರಿಂಗ್ ಯಾರದ್ದು?

ಪಾತ್ ಕಟ್ಟಿಕೊಡುವ ಎಂಕೆಪಾತ್ ಮತ್ತು ಎಂಕೆಪಾತ್‌ಡಪ್ ಫಂಕ್ಷನ್‌ಗಳು ನೋಡಲು ಅಣ್ಣ ತಮ್ಮಂದಿರಂತೆ. ಮೊದಲನೆಯದು ಒಳಗೇ ಇಟ್ಟುಕೊಂಡ ನಾಲ್ಕು ಸ್ಟ್ಯಾಟಿಕ್ ಬಫರ್‌ಗಳಲ್ಲಿ ಸರದಿಯ ಪ್ರಕಾರ ಒಂದನ್ನು ಕೊಡುತ್ತದೆ. ಐದನೇ ಕರೆಗೆ ಮೊದಲ ಬಫರ್ ಮತ್ತೆ ಬಳಕೆಗೆ ಬರುತ್ತದೆ, ನೀವು ಹಿಡಿದುಕೊಂಡ ಪಾಯಿಂಟರ್ ಹಾಗೇ ಇರುತ್ತದೆ, ಒಳಗಿನ ಪಾತ್ ಬೇರೆಯಾಗಿರುತ್ತದೆ. ಟೆಸ್ಟ್‌ನಲ್ಲಿ ಇದು ಸಿಗುವುದಿಲ್ಲ, ಏಕೆಂದರೆ ಚಿಕ್ಕ ಟೆಸ್ಟ್‌ನಲ್ಲಿ ಐದು ಕರೆ ಆಗುವುದೇ ಇಲ್ಲ. ಫಂಕ್ಷನ್ ಆಚೆಗೆ ಉಳಿಯಬೇಕಾದ ಪಾತ್ ಆದರೆ ಎಂಕೆಪಾತ್‌ಡಪ್ ಬೇಕು, ಮತ್ತು ಬಳಸಿ ಮುಗಿದ ಮೇಲೆ ಅದರ ಮೆಮೊರಿ ಬಿಟ್ಟುಕೊಡಬೇಕು, ಅಂದರೆ ಫ್ರೀ ಮಾಡಬೇಕು. ಎರರ್ ಬಂದು ಬೇಗ ಹಿಂದಿರುಗುವ ದಾರಿಯಲ್ಲೂ ಫ್ರೀ ಇದೆಯೇ ನೋಡಿ, ಮರೆಯುವುದು ಅಲ್ಲೇ.

ಗೆಟ್‌ಎನ್ವ್ ಕೊಟ್ಟ ಪಾಯಿಂಟರ್‌ಗೂ ಇದೇ ಮಾತು. ಮುಂದಿನ ಗೆಟ್‌ಎನ್ವ್ ಅಥವಾ ಸೆಟ್‌ಎನ್ವ್ ಕರೆ ಅದನ್ನು ಅಳಿಸಿ ಬರೆಯಬಹುದು ಎಂದು ಯುನಿಕ್ಸ್ ಥರದ ಸಿಸ್ಟಮ್‌ಗಳ ಮಾನದಂಡವಾದ ಪಾಸಿಕ್ಸ್ ಅನುಮತಿಸುತ್ತದೆ. ಲಿನಕ್ಸ್‌ನಲ್ಲಿ ಬರೀ ಗೆಟ್‌ಎನ್ವ್‌ನಿಂದ ಹಾಗಾಗುವುದಿಲ್ಲವಾದ್ದರಿಂದ ಬರೆದವರಿಗೆ ಅನುಮಾನವೇ ಬರುವುದಿಲ್ಲ. ತಕ್ಷಣ ಬಳಸಿದರೆ ಸರಿ, ಹಿಡಿದಿಟ್ಟುಕೊಳ್ಳುವುದಾದರೆ ಎಕ್ಸ್‌ಸ್ಟ್ರ್‌ಡಪ್‌ನಿಂದ ಅದರ ಪ್ರತಿ ಮಾಡಿಸಿ. ಮತ್ತೆ, ಗೆಟ್‌ಎನ್ವ್ ಕೊಟ್ಟ ಪಾಯಿಂಟರನ್ನೇ ಫ್ರೀ ಮಾಡುವ ಸಾಲು ಕಂಡರೆ ಅದು ನೇರ ಬಗ್.

ಟಿಲ್ಡೆ ಬಿಡಿಸುವ ಸಾಲುಗಳು

ಟಿಲ್ಡೆ (~) ಎಂದರೆ ಹೋಮ್ ಡೈರೆಕ್ಟರಿಗೆ ಚುಟುಕು ಗುರುತು. ಅದನ್ನು ಪೂರ್ತಿ ಪಾತ್ ಆಗಿ ಬಿಡಿಸುವ ಕೆಲಸ ಪಾತ್.ಸಿ ಫೈಲ್‌ನ ಇಂಟರ್‌ಪೊಲೇಟ್_ಪಾತ್‌ನದು. 2021ರವರೆಗೆ ಇದರ ಹೆಸರು ಎಕ್ಸ್‌ಪ್ಯಾಂಡ್_ಯೂಸರ್_ಪಾತ್. ಬೆರಳೆಣಿಸಿ ಓದಬೇಕಾದ ಜಾಗ ಇದು. ಟಿಲ್ಡೆ, ನಾಲ್ಕು ಬೈಟ್‌ನ ಯೂಸರ್ ಹೆಸರು, ಸ್ಲ್ಯಾಶ್, ಫೈಲ್ ಎಂದಿಟ್ಟುಕೊಳ್ಳಿ. ಟಿಲ್ಡೆ 0ನೇ ಜಾಗ, ಹೆಸರು 1ರಿಂದ, ಸ್ಲ್ಯಾಶ್ 5ರಲ್ಲಿ. ಹೆಸರಿನ ಉದ್ದ 5 ಕಳೆ 1, ಅಂದರೆ 4. ಉದ್ದ ಸೊನ್ನೆ ಬಂದರೆ ಬರೀ ಟಿಲ್ಡೆ ಎಂದರ್ಥ, ಆಗ ಹೋಮ್ ವೇರಿಯಬಲ್. ಇಲ್ಲದಿದ್ದರೆ ಆ ಹೆಸರಿನ ಯೂಸರ್‌ನ ಡೈರೆಕ್ಟರಿಯನ್ನು ಪಾಸ್‌ವರ್ಡ್ ಡೇಟಾಬೇಸ್‌ನಿಂದ ತರುತ್ತದೆ. ಈಗ ಸ್ಲ್ಯಾಶ್ ಇಲ್ಲದ ಒಂಟಿ ಟಿಲ್ಡೆ ಹಾಕಿ ನೋಡಿ. ಸ್ಲ್ಯಾಶ್ ಹುಡುಕಲು ಸ್ಟ್ರ್‌ಸಿಎಚ್‌ಆರ್ ಬಳಸಿದ್ದರೆ ಅದು ನಲ್ ಕೊಡುತ್ತದೆ, ಉದ್ದದ ಲೆಕ್ಕ ಕೆಟ್ಟು ಕ್ರ್ಯಾಶ್. ಅದಕ್ಕೇ ಅಲ್ಲಿ ಸ್ಟ್ರ್‌ಸಿಎಚ್‌ಆರ್‌ನಲ್ ಇದೆ, ಸ್ಲ್ಯಾಶ್ ಸಿಗದಿದ್ದರೆ ಸ್ಟ್ರಿಂಗ್‌ನ ಕೊನೆಯನ್ನೇ ತೋರಿಸುತ್ತದೆ. ಟಿಲ್ಡೆ ಕೊನೆಯಲ್ಲಿರುವ ಹೆಸರು ಹಾಗೇ ಉಳಿಯಬೇಕು, ಅದು ಯಾರದೋ ಬ್ಯಾಕಪ್ ಫೈಲ್.

ಅದೇ ಫಂಕ್ಷನ್‌ಗೆ ರಿಯಲ್_ಹೋಮ್ ಎಂಬ ಎರಡನೇ ಆರ್ಗ್ಯುಮೆಂಟ್ ಇದೆ. ಷರತ್ತು ಕೂಡಿಬಂದರೆ ಮಾತ್ರ ಇನ್ನೊಂದು ಕಾನ್ಫಿಗ್ ಸೇರಿಸುವ ಇನ್‌ಕ್ಲೂಡ್‌ಇಫ್‌ನಲ್ಲಿ ರೆಪಾಸಿಟರಿಯ ನಿಜವಾದ ಪಾತ್‌ ಜೊತೆ ಹೋಲಿಕೆ ನಡೆಯುತ್ತದೆ. ಹೋಮ್ ಸಿಂಬಾಲಿಕ್ ಲಿಂಕ್‌ನ ಹಿಂದಿದ್ದರೆ ಬರೀ ಅಕ್ಷರ ಹೋಲಿಸಿದರೆ ತಾಳೆಯಾಗದು. ಆರ್ಗ್ಯುಮೆಂಟ್ 1 ಆದರೆ ಲಿಂಕ್ ಬಿಡಿಸಿದ ನಿಜವಾದ ಹೋಮ್ ಸಿಗುತ್ತದೆ. ಹೊಸ ಕರೆಯಲ್ಲಿ 0 ಹಾಕಿದ್ದಾರೋ 1 ಹಾಕಿದ್ದಾರೋ, ಕಾರಣ ಕೇಳಿ.

ಪಾತ್ ಸಿಕ್ಕಿತು, ಫೈಲ್ ತೆರೆಯಲಿಲ್ಲ

ಫೈಲ್ ಇಲ್ಲ, ಅಥವಾ ಪಾತ್‌ನ ಮಧ್ಯದ ತುಂಡು ಡೈರೆಕ್ಟರಿಯೇ ಅಲ್ಲ ಎಂಬ ಎರರ್‌ಗಳನ್ನು ಗಿಟ್ ನುಂಗಿಕೊಳ್ಳುತ್ತದೆ. ಅನುಮತಿ ಇಲ್ಲ ಎಂಬುದರ ಕಥೆಯೇ ಬೇರೆ. 2012ರ ಕೊನೆಯಲ್ಲಿ ಅದನ್ನು ಮಾರಕ ಎರರ್ ಮಾಡಲಾಯಿತು. ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ಶುರುವಾಗಿ ಆಮೇಲೆ ಸಾಮಾನ್ಯ ಯೂಸರ್‌ಗೆ ಇಳಿಯುವ ಡೀಮನ್‌ಗಳಲ್ಲಿ, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗಳಲ್ಲಿ, ಹೋಮ್ ಮಾತ್ರ /ರೂಟ್ ಎಂದೇ ಉಳಿದಿರುತ್ತದೆ. ಅಂಥವು ಒಂದೊಂದಾಗಿ ಬಿದ್ದವು. 2013ರಲ್ಲಿ ಬಳಕೆದಾರರ ಕಾನ್ಫಿಗ್‌ಗೆ ಮಾತ್ರ ವಿನಾಯಿತಿಯ ಫ್ಲ್ಯಾಗ್ ಬಂತು. ಹೊಸ ಪ್ಯಾಚ್ ಈ ಅನುಮತಿ ನೋಡುವ ಆಕ್ಸೆಸ್_ಆರ್_ಡೈ ಫಂಕ್ಷನ್ ಕರೆದರೆ ಆ ಫ್ಲ್ಯಾಗ್ ಇದೆಯೇ ನೋಡಿ.

ಕೊನೆಗೆ ಟೆಸ್ಟ್. ಎಕ್ಸ್‌ಡಿಜಿಯವು ಟಿ1306 ಎಂಬ ಟೆಸ್ಟ್ ಫೈಲ್‌ನಲ್ಲಿ, ಕಾನ್ಫಿಗ್‌ನವು ಟಿ1300ರಲ್ಲಿ ಇವೆ. ಟೆಸ್ಟ್ ಲೈಬ್ರರಿ ಹೋಮ್ ಅನ್ನು ತನ್ನದೇ ತಾತ್ಕಾಲಿಕ ಡೈರೆಕ್ಟರಿಗೆ ತಿರುಗಿಸಿ, ಎಕ್ಸ್‌ಡಿಜಿ ವೇರಿಯಬಲ್ ತೆಗೆದುಹಾಕಿರುತ್ತದೆ, ಹಾಗಾಗಿ ಬರೀ ಪಾಸ್ ಆಯಿತು ಎಂದರೆ ಸುಖದ ದಾರಿ ಮಾತ್ರ ನೋಡಿದಂತೆ. ಎಕ್ಸ್‌ಡಿಜಿ ಖಾಲಿ, ಹೋಮ್ ಇಲ್ಲ, ಎರಡೂ ಇಲ್ಲ, ಈ ಮೂರಕ್ಕೂ ಟೆಸ್ಟ್ ಕೇಳಿ. ಹೋಮ್ ತೆಗೆಯುವುದು ಸಬ್‌ಶೆಲ್‌ನ ಆವರಣದೊಳಗೇ ಇರಬೇಕು, ಇಲ್ಲದಿದ್ದರೆ ಮುಂದಿನ ಟೆಸ್ಟ್‌ಗಳಿಗೂ ಹೋಮ್ ಇರುವುದಿಲ್ಲ. ತೆಗೆಯಲು ಟೆಸ್ಟ್ ಲೈಬ್ರರಿಯ ಸೇನ್_ಅನ್‌ಸೆಟ್ ಬಳಸಬೇಕು. ಇಲ್ಲದ ವೇರಿಯಬಲ್ ತೆಗೆದರೆ ಕೆಲವು ಶೆಲ್‌ಗಳ ಅನ್‌ಸೆಟ್ ವಿಫಲವಾಗಿ && ಹಾಕಿ ಜೋಡಿಸಿದ ಕಮಾಂಡ್‌ಗಳ ಸರಪಳಿ ಕಡಿಯುತ್ತದೆ. ವಿಂಡೋಸ್‌ನಲ್ಲಿ ಈ ಟೆಸ್ಟ್ ಬಿಟ್ಟುಬಿಡಿ, ಅಲ್ಲಿ ಹೋಮ್ ಇಲ್ಲದಿದ್ದರೆ ಗಿಟ್ ತಾನೇ ಹೋಮ್‌ಡ್ರೈವ್, ಹೋಮ್‌ಪಾತ್ ಅಥವಾ ಯೂಸರ್‌ಪ್ರೊಫೈಲ್‌ನಿಂದ ತುಂಬಿಕೊಳ್ಳುತ್ತದೆ. ಆಮೇಲೆ ಫ್ರೀ ಮಾಡದೆ ಬಿಟ್ಟ ಮೆಮೊರಿ ಹಿಡಿಯಲು ಮೇಕ್‌ಗೆ ಸ್ಯಾನಿಟೈಜ಼್=ಲೀಕ್ ಕೊಟ್ಟು ಕಟ್ಟಿ, ಅದೇ ಎರಡು ಫೈಲ್ ಇನ್ನೊಮ್ಮೆ ಓಡಿಸಿ.